ನಮ್ಮ ಭಾವ ಮಂಜೂರು ಮಾಡಿದ ಮರಗಳು

ಈ ದೇಶದಲ್ಲಿ ಕೃಷಿ ಸಂಶೋಧನೆಗೆ ದುಡ್ಡು ಕೊಡುವವರು ಇಬ್ಬರೇ. ಒಂದು ಸರ್ಕಾರ, ಇನ್ನೊಂದು ನಮ್ಮ ಭಾವ! ಸರ್ಕಾರಕ್ಕಾದರೆ ಅರ್ಜಿ ಹಾಕಬೇಕು, ಕಾಯಬೇಕು, ಕಂಡಕಂಡವರ ಕಾಲು ಹಿಡಿಯಬೇಕು. ಭಾವನ ಹತ್ತಿರ ಆ ರಗಳೆಯೇ ಇಲ್ಲ, ನೀವು ಬೇಡ ಅಂದರೂ ಕೊಡುತ್ತಾರೆ. ಕೊಟ್ಟ ಮೇಲೆ ನಿಮ್ಮ ತೋಟಕ್ಕೇ ಬಂದು, ನಿಮ್ಮ ಮರದ ಕೆಳಗೆ ನಿಮ್ಮದೇ ಟವೆಲ್ ಹಾಸಿಕೊಂಡು ಕೂತು, "ಏನಪ್ಪಾ, ಸಂಶೋಧನೆ ಎಲ್ಲಿಗೆ ಬಂತು?" ಅನ್ನುತ್ತಾರೆ. ಎಲ್ಲಿಗೆ ಬರುತ್ತೆ? ಮರ ಇದ್ದಲ್ಲೇ ಇದೆ!

ಭಾವ ಅಂದರೆ ನನ್ನ ದೊಡ್ಡಕ್ಕನ ಯಜಮಾನರು. ಸರ್ವಿಸ್ ಪೂರ್ತಿ ಒಂದು ಕೃಷಿ ಆಫೀಸಿನಲ್ಲಿ ಅಟೆಂಡರ್. ವಿಷ ಹೊಡೆಯದೆ ಬೆಳೆ ತೆಗೆಯುವ ದಾರಿ ಹುಡುಕುತ್ತೇವೆ, ಸ್ವಲ್ಪ ಅನುದಾನ ಕೊಡಿ ಅಂತ ಯಾರ್ಯಾರೋ ಹಾಕಿದ ಅರ್ಜಿಗಳನ್ನು ಸಾಹೇಬರ ಟೇಬಲ್ಲಿಗೆ ಇಟ್ಟು, "ಹಣ ಲಭ್ಯವಿಲ್ಲ" ಅಂತ ಬರೆಸಿಕೊಂಡು ವಾಪಸ್ ತರುವುದೇ ಅವರ ಕೆಲಸ. ಹೋಗುವಾಗ ಬಿಸಿಬಿಸಿಯಾಗಿರೋ ಕಾಗದ ಬರುವಾಗ ತಣ್ಣಗಾಗಿರುತ್ತಿತ್ತು ಕಣೋ ಅನ್ನುತ್ತಿದ್ದರು. ರಿಟೈರ್ ಆದ ಮಾರನೆಯ ವರ್ಷ ಅಕ್ಕ ತೀರಿಕೊಂಡಳು. ಮಕ್ಕಳಿಲ್ಲ. ದೇವರಾಯಸಮುದ್ರದ ಮನೆಯಲ್ಲಿ ಭಾವ ಒಬ್ಬರೇ. ಆಗ ಶುರುವಾಗಿದ್ದು ಈ ಮಂಜೂರು ಮಾಡುವ ಚಟ!

ಕರಾರು ಕೇಳಿ. ತೋಟದಲ್ಲಿ ಒಂದೇ ಒಂದು ಮರಕ್ಕೆ ಔಷಧಿ ಹೊಡೆಯಬಾರದು. ಅಲ್ಲಿ ಭಾವ ಹೇಳಿದ ಪ್ರಯೋಗ ನಡೆಯಬೇಕು. ಫಸಲು ಹಾಳಾದರೆ ನಷ್ಟ ಭಾವನ ಪೆನ್ಷನ್ನಿನಿಂದ, ಉಳಿದರೆ ಹಣ್ಣೆಲ್ಲ ತೋಟದವರಿಗೆ. ಗೆದ್ದರೆ ಅವರಿಗೆ, ಸೋತರೆ ಇವರಿಗೆ! ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ಕ್ರೇಟು ಹೊತ್ತು, ಆಮೇಲೆ ಅದೇ ಮಂಡಿಯಲ್ಲಿ ಅಂಗಡಿ ಹಿಡಿದವನು ನಾನು. ಇಂಥ ಕರಾರು ಕೇಳಿ ನನಗೆ ಸುಮ್ಮನಿರಲಾಗಲಿಲ್ಲ.

"ಭಾವ, ನನ್ನ ಮಾತು ಕೇಳಿ. ಹಣ್ಣಲ್ಲಿ ಅರ್ಧ ಪಾಲು ಅಂತ ಮೊದಲೇ ಮಾತಾಡ್ಕೊಳ್ಳಿ."

"ಅರ್ಧ ಪಾಲು ತಗೊಂಡು ಏನ್ಮಾಡ್ಲಿ? ಒಬ್ಬನೇ ಎಷ್ಟು ಅಂತ ತಿನ್ನಲಿ?"

ನಾನು ಎರಡು ಕಾಫಿ ತರಿಸಿದೆ.

ಅವರದು ಇನ್ನೊಂದು ಷರತ್ತಿತ್ತು. ವರದಿಯನ್ನು ಕಾಗದದಲ್ಲಿ ಕೊಡುವಂತಿಲ್ಲ. ಬಾಯಲ್ಲೇ ಹೇಳಬೇಕು, ಕೂತು ಹೇಳಬೇಕು, ಅವಸರ ಮಾಡಬಾರದು. ಕಾಫಿ ಕೊಟ್ಟರೆ ವರದಿ ಇನ್ನೂ ಉದ್ದ ಇರಬೇಕು!

ನಾನು ಗುತ್ತಿಗೆ ಹಿಡಿದಿದ್ದ ಮಾವಿನ ತೋಟಕ್ಕೂ ಫಂಡು ಹೊತ್ತುಕೊಂಡು ಬಂದರು. ನಮ್ಮ ಮಂಡಿಯ ಹಳಬರು ಈಗಲೂ ರೇಟನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹೊದಿಸಿ, ಒಳಗೆ ಬೆರಳು ಹಿಡಿದು ಒತ್ತುತ್ತೇವೆ. ಹಿಡಿದ ಬೆರಳಿನ ಲೆಕ್ಕವೇ ರೇಟು, ಸುತ್ತ ನಿಂತವರಿಗೆ ಗೊತ್ತಾಗದು. ಭಾವನಿಗೆ ಈ ಪದ್ಧತಿ ಮೇಲೆ ಬಲು ಮೋಹ. ಬರಲಿ ಕೈ ಅಂತ ಟವೆಲ್ ಹಾಕಿ, ಬೆರಳು ಹಿಡಿಯುವುದು ಬಿಟ್ಟು ನನ್ನ ಇಡೀ ಮುಷ್ಟಿಯನ್ನೇ ಗಬಕ್ಕನೆ ಹಿಡಿದುಬಿಟ್ಟರು.

"ಅಯ್ಯೋ ಭಾವ, ಈ ರೇಟಿಗೆ ಮರ ಅಲ್ಲ, ತೋಟಾನೇ ಬರುತ್ತೆ!"

"ಮಂಜೂರು!"

ಮುಷ್ಟಿ ಬಿಡಿಸಿ, ಒಂದೊಂದೇ ಬೆರಳು ಹಿಡಿಸಿ, ಎಳೆಯ ಮಕ್ಕಳಿಗೆ ಕಲಿಸುವ ಹಾಗೆ ಕಲಿಸಿದೆ. ನಿಮಗೂ ಹೇಳುತ್ತೇನೆ, ಟವೆಲ್ ಕೆಳಗೆ ಯಾವತ್ತೂ ಪೂರ್ತಿ ಕೈ ಕೊಡಬೇಡಿ. ಅಲ್ಲಿಗೆ ವ್ಯಾಪಾರ ಮುಗೀತು.

ನನ್ನ ಮರಕ್ಕೆ ಮಂಜೂರಾಗಿದ್ದು ಕೆಂಜಿಗ. ಎಲೆ ಹೊಲಿದು ಗೂಡು ಕಟ್ಟುತ್ತಲ್ಲ, ಆ ಕೆಂಪಿರುವೆ! ಅದು ಮರದ ಮೇಲಿದ್ದರೆ ಬೇರೆ ಹುಳು ಬರೋದಿಲ್ಲ ಅಂತ ಭಾವನ ವಾದ. ಎಲ್ಲಿಂದಲೋ ಗೂಡುಗಳನ್ನು ಚೀಲದಲ್ಲಿ ತಂದು ಕಟ್ಟಿದರು. ಪಕ್ಕದ ಮರಕ್ಕೂ ಹೋಗಿಬರಲಿ ಅಂತ ಒಂದು ಹಗ್ಗದ ಸೇತುವೆ ಬೇರೆ! ನಮ್ಮೂರಿಗೆ ಬರಬೇಕಾದ ಸೇತುವೆ ಇನ್ನೂ ಬಂದಿಲ್ಲ, ಇರುವೆಗಳಿಗೆ ಒಂದೇ ಬೆಳಗ್ಗೆಯಲ್ಲಿ ಬಂತು.

ಕೊಯ್ಲಿನ ದಿನ ಕೀಳುವ ಆಳು ಆ ಮರ ಹತ್ತಿದ. ಹತ್ತಿದ್ದು ನಾವು ನೋಡಿದೆವು, ಇಳಿದದ್ದು ಯಾರೂ ನೋಡಲಿಲ್ಲ. "ಓರಿ ದೇವುಡೋ!" ಅನ್ನುವ ಕೂಗು ಮೇಲಿಂದ ಹೊರಟಿತು, ಕೂಗು ಮುಗಿಯುವಷ್ಟರಲ್ಲಿ ಆತ ಬಾವಿಯ ಹತ್ತಿರ ನಿಂತು ಅಂಗಿ ಕೊಡವುತ್ತಿದ್ದ.

"ಅಣ್ಣಾ, ಆ ಮರಕ್ಕೆ ನಿಮ್ಮ ಭಾವನ್ನೇ ಹತ್ಸು!"

ಭಾವನ ಮುಖ ಮಾತ್ರ ಬೆಳಗುತ್ತಿತ್ತು. "ನೋಡಿದ್ಯಾ? ಹಣ್ಣಲ್ಲಿ ಒಂದು ಹುಳ ಇಲ್ಲ!"

"ಹಣ್ಣು ಕೆಳಗೆ ಬಂದ್ರೆ ತಾನೇ ಭಾವ ನೋಡೋದು?"

ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಹಗ್ಗದ ಹತ್ತಿರ ಹೋಗಿ ನಿಂತರು. ಪಕ್ಕದ ಮರಕ್ಕೆ ನಾನು ಔಷಧಿ ಹೊಡೆಸಿದ್ದೆ. "ಆ ಕಡೆ ಹೋದವು ಒಂದೂ ವಾಪಸ್ ಬಂದಿಲ್ಲ ಕಣೋ," ಅಂದರು. ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೂ ಹಗ್ಗ ನೋಡುತ್ತಾ ಅಲ್ಲೇ ಇದ್ದರು.

ಮಾಲೂರು ಕಡೆ ಶಿವಾರಪಟ್ಟಣದಲ್ಲಿ ನಡೆದದ್ದು ಇನ್ನೂ ಮಜ. ವಿಗ್ರಹ ಕೆತ್ತುವವರೊಬ್ಬರ ಶೆಡ್ಡಿನ ಪಕ್ಕ ಬದನೆ ಗಿಡಗಳು. ಎಲೆ ತುಂಬ ಕಲ್ಲಿನ ಧೂಳು, ಹುಳುವಿನ ಸುಳಿವಿಲ್ಲ. ಭಾವ ನಿಂತಲ್ಲೇ ಮಂಜೂರು ಮಾಡಿದರು! ಶಿಲ್ಪಿ ಉಳಿ ಕೆಳಗಿಟ್ಟು, "ಸ್ವಾಮಿ, ಇಲ್ಲಿ ಬದನೆ ಗಿಡ ಇದೆ ಅಂತ ನನಗೆ ಗೊತ್ತಾಗಿದ್ದೇ ಈಗ," ಅಂದರಂತೆ. ಆದರೂ ಭಾವ ವಾರವಾರವೂ ಎರಡು ಬಸ್ ಬದಲಾಯಿಸಿ ಹೋದರು. ಫಲಿತಾಂಶ ಏನಾಯ್ತು ಭಾವ ಅಂದರೆ, "ಗಿಡ ಒಣಗಿತು. ಆದ್ರೆ ಒಂದು ಗಣೇಶನಿಗೆ ಕಿವಿ ಬಂದಿದ್ದು ಪೂರ್ತಿ ನೋಡ್ದೆ," ಅಂದರು.

ಹೀಗೆ ಶ್ರೀನಿವಾಸಪುರದಲ್ಲಿ ಮರ, ಮುಳಬಾಗಿಲು ಕಡೆ ಟೊಮ್ಯಾಟೊ ಸಾಲು, ಇನ್ನೆಲ್ಲೋ ಹಿಪ್ಪುನೇರಳೆ. ವಾರದ ಯಾವ ದಿನ ಕೇಳಿದರೂ ಭಾವ ಎಲ್ಲೋ ತನಿಖೆಯಲ್ಲಿರುತ್ತಿದ್ದರು.

ಹೋದ ವರ್ಷ ಏನಾಯಿತು ಗೊತ್ತೇ? ನಿಜವಾದ ಅನುದಾನವೇ ಬಂದುಬಿಟ್ಟಿತು! ವಿಜ್ಞಾನಿಗಳ ತಂಡ ಒಂದು ದೊಡ್ಡ ಯೋಜನೆಯಲ್ಲಿ ಬಂದು, ಮಾವಿನ ಹಣ್ಣಿಗೆ ಹುಳ ಬೀಳಿಸುವ ಊಜಿ ನೊಣ ಹಿಡಿಯುವ ಡಬ್ಬಿಗಳನ್ನು ತೋಟತೋಟಕ್ಕೂ ಪುಕ್ಕಟೆ ನೇತುಹಾಕಿತು. ಔಷಧಿ ಖರ್ಚು ಇಳಿಯಿತು. ಭಾವ ಇಷ್ಟು ವರ್ಷ ಬಡಕೊಂಡದ್ದು ಇದನ್ನೇ ಅಲ್ಲವೇ? ಮಂಡಿಗೆಲ್ಲ ಮೈಸೂರುಪಾಕು ಹಂಚಿದರು. ಫಂಡು ಪಡೆದಿದ್ದ ತೋಟದವರೊಬ್ಬರು ಪ್ರೀತಿಯಿಂದಲೇ, "ಇಂಕ ಮೀರು ಶ್ರಮಪಡಿ ರಾನಕ್ಕರಲೇದು ಬಾವಾ," ಅಂದರು. ಇನ್ನು ನೀವು ಕಷ್ಟಪಟ್ಟು ಬರಬೇಕಾಗಿಲ್ಲ ಅಂತ. ಭಾವ ನಗುನಗುತ್ತಲೇ ತಲೆ ಆಡಿಸಿದರು. ಮೈಸೂರುಪಾಕಿನ ಖಾಲಿ ಡಬ್ಬದ ಮುಚ್ಚಳ ಹಾಕುವುದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು.

ಆಮೇಲೆ ಅವರು ಬರಲಿಲ್ಲ.

ಮಾವಿನ ಸೀಸನ್ನಿನಲ್ಲಿ ನಮ್ಮ ಮಂಡಿ ನೋಡಬೇಕು, ಕಾಲಿಡಲು ಜಾಗವಿರುವುದಿಲ್ಲ. ಮುಗಿದ ಮೇಲೂ ಒಮ್ಮೆ ಬಂದು ನೋಡಿ. ಉದ್ದನೆಯ ಶೆಡ್ಡು, ಒಣಹುಲ್ಲು, ಒಂದು ನಾಯಿ, ನಾನು. ಫೋನ್ ಮಾಡಿ, "ಭಾವ, ಬನ್ನಿ," ಅಂದೆ.

"ಅಲ್ಲೇನಪ್ಪ ಕೆಲಸ ನನಗೆ?"

ಸುಮ್ಮನೆ ಬನ್ನಿ ಅಂದರೆ ಬರುವ ಆಸಾಮಿಯಲ್ಲ. ಅಕ್ಕ ಇದ್ದಾಗಲೇ ಕರೆಯದೆ ಅವಳ ತವರಿನ ಹೊಸಿಲು ತುಳಿದವರಲ್ಲ. ಈಗ ಅಕ್ಕನೂ ಇಲ್ಲ. ಯಾವ ನೆಪ ಹೇಳಿಕೊಂಡು ಬಂದಾರು? ಇದ್ದ ಒಂದು ನೆಪವನ್ನು ವಿಜ್ಞಾನಿಗಳು ಪುಕ್ಕಟೆ ಹಂಚಿಬಿಟ್ಟಿದ್ದರು.

ನಾನೇ ಸ್ಕೂಟರ್ ಹತ್ತಿ ದೇವರಾಯಸಮುದ್ರಕ್ಕೆ ಹೋದೆ. ಭಾವ ಕೆರೆ ಏರಿ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಬೂಟು. ತನಿಖೆಗೆ ಹೊರಟವರ ಹಾಗೇ ಇದ್ದರು. ಹೊರಡುವುದಕ್ಕೆ ಜಾಗವಿರಲಿಲ್ಲ, ಅಷ್ಟೇ.

"ಭಾವ, ನನಗೊಂದು ಫಂಡು ಬೇಕು."

"ನಿನಗಾ?"

"ಹಿತ್ತಲ ನುಗ್ಗೆ ಮರಕ್ಕೆ ಕಂಬಳಿಹುಳ ಬಿದ್ದಿದೆ. ಔಷಧಿ ಹೊಡೆಯೋದು ಬೇಡ ಅಂತಿದ್ದಾಳೆ ಮನೆಯವಳು. ಏನಾದ್ರೂ ಸಂಶೋಧನೆ ಮಾಡ್ಬೇಕು."

ಭಾವ ಸಾಹೇಬರ ಹಾಗೆ ಗಂಟಲು ಸರಿಮಾಡಿಕೊಂಡರು. "ನಿಧಿ ಮುಗಿದಿದೆಯಪ್ಪ. ಇನ್ನೇನಿದ್ರೂ ಸರ್ಕಾರದವರನ್ನ ಕೇಳು."

"ಸರ್ಕಾರಕ್ಕೆ ನುಗ್ಗೆ ಮರ ಕಾಣ್ಸುತ್ತಾ? ದುಡ್ಡು ಬೇಡ ಭಾವ. ತನಿಖೆಗೆ ಎಷ್ಟು ಸಲ ಬರ್ತೀರಿ, ಅದನ್ನ ಮಾತಾಡೋಣ. ಬರಲಿ ಕೈ."

ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೂ ಹೊದಿಸಿದೆ. ಒಳಗೆ ಭಾವ ಸಂಕೋಚದಿಂದ ನನ್ನ ಕಿರುಬೆರಳು ಹಿಡಿದರು.

"ತಿಂಗಳಿಗೊಂದಾ? ಅಷ್ಟರಲ್ಲಿ ಕಂಬಳಿಹುಳ ಮನೆಯೊಳಗೇ ಬಂದು ಮಲಗುತ್ತೆ ಭಾವ!"

ಇನ್ನೊಂದು ಬೆರಳು ಸೇರಿತು. ನಾನು ತಲೆ ಅಲ್ಲಾಡಿಸಿದೆ. ಜೀವಮಾನವೆಲ್ಲ ರೇಟು ಇಳಿಸಿಯೇ ಗೊತ್ತಿದ್ದವನು, ಅವತ್ತು ಏರಿಸುತ್ತಾ ಕೂತೆ. ಇನ್ನೊಂದು, ಮತ್ತೊಂದು. ಕಡೆಗೆ ಅವರ ಕೈ ನನ್ನ ಇಡೀ ಕೈಯನ್ನು ಹಿಡಿದುಕೊಂಡಿತು. ಈ ಸಲ ಬೆರಳಿನ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಮಂಜೂರಾ ಭಾವ?" ಅಂದೆ.

ಅವರು ಕೆರೆ ಕಡೆ ನೋಡುತ್ತಿದ್ದರು. ವ್ಯಾಪಾರ ಮುಗಿದಿತ್ತು. ಟವೆಲ್ ತೆಗೆಯಲು ಇಬ್ಬರೂ ಮುಂದಾಗಲಿಲ್ಲ.