ಥೀಮ್ ಮಾರೂ ಸಂತ್ಯಾಗ ನಮ್ಮತ್ತಿ

ಬೆಟಗೇರ್ಯಾಗ ಮನಿಯೊಳಗ ಕುಂತು ಕಣ್ಣಿಗೆ ಕಾಣದ ಸಂತ್ಯಾಗ ಮಾಲು ಮಾರ್ತೀನಿ ಅಂದ್ರ ದಿನಾ ಒಂದಿಲ್ಲೊಂದು ಫಜೀತಿ ಆಗೂದಽ. ಒಂದಿನ ಆಗಲಿಲ್ಲಂದ್ರ ಏನೋ ಮರತೀನೇನೋ ಅನಸ್ತೈತಿ. ಈಗೀಗ ಹೊಸಬರು ಫೋನ್ ಮಾಡಿ, "ಅಕ್ಕಾರ, ನಾವೂ ವೆಬ್‌ಸೈಟ್ ಥೀಮ್ ಮಾಡಿ ಮಾರಬೇಕ್ರಿ, ಏನರ ಬುದ್ಧಿ ಹೇಳ್ರಿ" ಅಂತಾರ. ಬುದ್ಧಿ ನನ್ನ ಹಂತೇಕ ಇಲ್ಲ. ಫಜೀತಿ ಬೇಕಾದಷ್ಟು ಅದಾವು, ಅವನ್ನಽ ಹೇಳ್ತೀನಿ, ಕೇಳ್ರಿ.

ಥೀಮ್ ಅಂದ್ರ ತಯಾರಿದ್ದ ಲಗ್ನಪತ್ರಿಕಿ ಇದ್ದಂಗ. ಚಿತ್ರ, ಅಂಚು, ಬಣ್ಣ ಎಲ್ಲಾ ನಾವು ಮಾಡಿಟ್ಟಿರ್ತೀವಿ. ಕೊಂಡವರು ತಮ್ಮ ಹೆಸರು, ಫೋಟೋ ಹಾಕ್ಕೊಂಡ್ರ ಅವರ ವೆಬ್‌ಸೈಟ್ ತಯಾರ. ಆದ್ರ ಆ ಆನ್‌ಲೈನ್ ಸಂತ್ಯಾಗ ಮಾಲು ಇಡಬೇಕಂದ್ರ ಮೊದಲು ಅಲ್ಲಿ ಪರೀಕ್ಷಾ ಮಾಡಾವ್ರು ಪಾಸ್ ಮಾಡಬೇಕು.

ನಾನು ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಹತ್ತು ವರ್ಷ ಲಗ್ನಪತ್ರಿಕಿ ಮಾಡಿದಾಕಿ. ಕೆಲಸ ಬಿಡ್ತೀನಿ ಅಂದ ದಿನ ನಮ್ಮ ಸಾವ್ಕಾರ್ರು ಹೊಟ್ಟಿ ಹಿಡಕೊಂಡು ನಕ್ಕರು. "ಶಟರ್ ಇಲ್ಲದ ಅಂಗಡಿ ಎಷ್ಟು ದಿನ ನಡೀತೈತಿ ತಂಗೀ? ಶಿವರಾತ್ರಿ ತನಕ ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ. ಬಾಯಿ ಮುಚ್ಚಿಕೊಂಡು ಬಂದು ಕುಂಡ್ರು" ಅಂದ್ರು.

"ಬರೂದಿಲ್ರಿ" ಅಂತ ಹೇಳಿ ಬಂದೆ. ಸೋತು ಹೋಗಿ ಆ ಕುರ್ಚ್ಯಾಗ ಕುಂತ್ರ ಆ ನಗಿ ಜೀವ ಇರೂ ತನಕ ಕೇಳಬೇಕಲ್ಲಾ!

ಜಾಗ ಬಿಡ್ರಿ

ಮೊದಲನೇ ಥೀಮ್ ಕಳಿಸಿದೆ. ಮೂರು ದಿನಕ್ಕ ಉತ್ತರ ಬಂತು: ಇದರಾಗ ಉಸರಾಡಾಕ ಜಾಗ ಇಲ್ಲ, ವಾಪಸ್.

ಎಲ್ಲಿಂದ ಬರಬೇಕ್ರಿ ಜಾಗ? ಪ್ರೆಸ್ಸಿನ್ಯಾಗ ಬಟ್ಟಿನಷ್ಟು ಜಾಗ ಖಾಲಿ ಕಂಡ್ರ ಸಾವ್ಕಾರ್ರು, "ಅಲ್ಲಿ ಇನ್ನಾ ನಾಕು ಹೆಸರು ಕುಂಡ್ರತಾವು!" ಅಂತ ಚೀರ್ತಿದ್ರು. ಒಮ್ಮೆ ಮುಂಡರಗಿ ಬೀಗರ ಪತ್ರಿಕ್ಯಾಗ ಒಂದು ಮೂಲಿ ಖಾಲಿ ಉಳದಿತ್ತು. ಅವರು ನೋಡಿದವರಽ, "ಕಾಗದದ ರೊಕ್ಕ ಪೂರಾ ಕೊಟ್ಟೀವಲ್ಲಾ, ಇಲ್ಲಿ ಯಾಕ ಏನೂ ಇಲ್ಲ?" ಅಂತ ಜಗಳಕ್ಕ ನಿಂತ್ರು. ಕಡೀಕ ಶಿರಹಟ್ಟಿ ದೊಡ್ಡಪ್ಪನ ಹೆಸರು ಹಾಕಿದ ಮ್ಯಾಲೆ ತಣ್ಣಗಾದ್ರು. ಅದಽ ಕೈ ನಂದು. ಹಲ್ಲಿನ ದವಾಖಾನಿಯಿಂದ ಹಿಡದು ಎಲ್ಲಾ ಅಂಗಡಿಗೂ ನಡೀಲಿ ಅಂತ ಮಾಡಿದ ಥೀಮಿನ್ಯಾಗ ನಾಕೂ ಮೂಲ್ಯಾಗ ಬಾಳಿಕಂಬ ನಿಲ್ಲಿಸಿದ್ದೆ.

ಬಾಳಿಕಂಬ ತಗದು ನವಿಲು ಹಾಕಿ ಕಳಿಸಿದೆ. ಮತ್ತ ವಾಪಸ್.

ಆವತ್ತು ಮಧ್ಯಾಹ್ನ ಅದಽ ಸಂಕಟದಾಗ ನಮ್ಮತ್ತಿಗೆ ಊಟಕ್ಕ ಬಡಿಸಿದೆ. ರೊಟ್ಟಿ, ಬದನಿಕಾಯಿ ಪಲ್ಯ, ಹಿಂಡಿ ಚಟ್ನಿ, ಮೊಸರು, ಸೌತಿಕಾಯಿ, ಎಲ್ಲಾ ಒಂದರ ಮ್ಯಾಲೊಂದು. ಅತ್ತಿ ತಾಟು ನೋಡಿ, "ಏನವಾ ಇದು? ರೊಟ್ಟಿ ಮುರಿಯಾಕ ಕೈ ಎಲ್ಲಿ ಇಡ್ಲಿ?" ಅಂದ್ರು. ನನ್ನ ತಲ್ಯಾಗ ಫಕ್ಕನ ಬೆಳಕಾತು. ಎದ್ದು ಹೋಗಿ ನವಿಲು, ಬಳ್ಳಿ, ಅಂಚು ಎಲ್ಲಾ ಕಿತ್ತೊಗದೆ. ಹೆಂಗ ಐತ್ರಿ ಈಗ ಅಂತ ಅತ್ತಿಗೆ ತೋರಿಸಿದೆ.

ಅತ್ತಿ ಕನ್ನಡಕ ಏರಿಸಿ ಭಾಳ ಹೊತ್ತು ನೋಡಿದ್ರು. "ಚಂದ ಐತಿ. ಆದ್ರ ಎಲ್ಲಾ ಅಳಿಸಿಬಿಟ್ಟೀಯಲ್ಲ, ಇನ್ನ ಮಾರೂದು ಏನನ್ನ?"

ಫೋಟೋ ನಿಮ್ಮದಽ ಇರ್ಲಿ

ಜಾಗ ಪಾಸಾತು, ಫೋಟೋ ಫೇಲಾತು. "ಈ ಫೋಟೋ ಕೊಡೂ ಹಕ್ಕು ನಿಮಗ ಐತೇನು?" ಅಂತ ಕೇಳಿದ್ರು. ಎಲ್ಲಿ ಹಕ್ಕು? ಇಂಟರ್‌ನೆಟ್ಟಿನ್ಯಾಗ ಸಿಕ್ಕದ್ದನ್ನ ಎತ್ತಿ ಹಾಕಿದ್ದೆ.

ಫೋನ್ ಹಿಡಕೊಂಡು ಹೊಂಟೆ. ಎಲ್ಲಾಕ್ಕಿಂತ ಮ್ಯಾಲಿನ ದೊಡ್ಡ ಚಿತ್ರಕ್ಕ ಅಂತ ಶಿರಹಟ್ಟಿ ಕಡೆ ಮಾಗಡಿ ಕೆರಿಗೆ ಹೋದೆ. ಎಲ್ಲೆಲ್ಲಿಂದಲೋ ಹಾರಿ ಬಂದ ಹಕ್ಕಿ ಅವು, ನನಗ ಮಾತ್ರ ಅರ್ಧ ದಿನ ಬೆನ್ನು ತೋರಿಸಿ ಕುಂತ್ವು. ಇರ್ಲಿ, ಬೆನ್ನರ ನಂದಾತಲ್ಲ ಅಂತ ಅದನ್ನಽ ಹಾಕಿದೆ.

"ನಮ್ಮ ತಂಡ" ಅನ್ನೂ ಭಾಗಕ್ಕ ಮನಷಾರು ಬೇಕಾಗಿತ್ತು. ಲಕ್ಷ್ಮೇಶ್ವರದ ಟೇಲರ್ ಚಾಚಾ ಕೊಳ್ಳಾಗ ಟೇಪು ಹಾಕ್ಕೊಂಡು ನಿಂತ್ರು. "ಚಾಚಾ, ನಿಮ್ಮ ಹೆಸರಿನ ಜಾಗದಾಗ ಡಿಸೈನ್ ವಿಭಾಗ ಅಂತ ಬರೀತೀನ್ರಿ" ಅಂದೆ. "ಬರಿ ಬೇಟಾ, ಅದರಾಗ ಸುಳ್ಳು ಏನೈತಿ? ಊರಿನ ಅರ್ಧ ಬ್ಲೌಸು ನಂದಽ ಡಿಸೈನ್" ಅಂದ್ರು.

ಕಂಪನಿ ಮುಖ್ಯಸ್ಥರ ಜಾಗಕ್ಕ ನಮ್ಮತ್ತಿ. ಇಲಕಲ್ ಸೀರಿ ಉಟ್ರು, ಪೌಡರ್ ಹಚ್ಚಿದ್ರು. ಆದ್ರ ಕೈಯಾಗಿನ ಚುರಮರಿ ಗಿರಮಿಟ್ ತಾಟು ಕೆಳಗಿಡಾಕ ಒಲ್ಲೆ ಅಂದ್ರು. "ಬರೇ ಕೈಲೆ ಕುಂತ್ರ ಮನಿಗೆ ಬಂದವರು ಏನಂತಾರ?"

ಫೋಟೋದ ಕೆಳಗ ಇಂಗ್ಲಿಷಿನ್ಯಾಗ ಬರದಿದ್ದು ನೋಡಿ, "ಏನು ಬರದಿ?" ಅಂತ ಕೇಳಿದ್ರು.

"ಕಂಪನಿ ನಡಸಾವ್ರು ಇವರಽ ಅಂತ ಬರದೀನ್ರಿ."

"ಖರೇನಽ ಬರದಿ ಬಿಡು. ಈ ಮನಿಗೆ ಬಂದು ಹತ್ತು ವರ್ಷ ಬೇಕಾತು ನಿನಗ ಅದು ಗೊತ್ತಾಗಾಕ."

ಡೆಮೋದಾಗ ಮನಿ ನಂಬರ್ ಹಾಕಬ್ಯಾಡ್ರಿ

ಶಿವರಾತ್ರಿಗೆ ಇನ್ನಾ ಎರಡು ದಿನ ಇದ್ದಾಗ ಥೀಮ್ ಪಾಸಾತು! ಅಂಗಳದಾಗ ಕುಣದೆ. ಫೋನ್ ಮಾಡಿ, "ಸಾವ್ಕಾರ್ರ, ಕುರ್ಚಿ ಬ್ಯಾರೆದವರಿಗೆ ಕೊಡ್ರಿ" ಅಂದೆ. ಆ ಮನಷಾ ಸೋಲಬೇಕಲ್ಲ! "ಪಾಸಾಗೂದು ಬ್ಯಾರೆ, ಕೊಳ್ಳಾವ್ರು ಸಿಗೂದು ಬ್ಯಾರೆ. ಯುಗಾದಿ ತನಕ ನೋಡೂಣು" ಅಂದ್ರು.

ಕೊಳ್ಳಾವ್ರು ಸಿಕ್ಕರು. ಮೊದಲನೇದು ಯಾವುದೋ ದೂರ ದೇಶದ ಹೂವಿನ ಅಂಗಡಿ. ಆದ್ರ ನಾನು ಡೆಮೋ ಪುಟದಾಗ ಮಾದರಿಗಂತ ನಮ್ಮ ಮನಿ ಫೋನ್ ನಂಬರ್ ಹಾಕಿದ್ದೆ, ಅವರು ಅದನ್ನ ಅಳಸದಽ ವೆಬ್‌ಸೈಟ್ ಚಾಲೂ ಮಾಡಿಬಿಟ್ರು.

ಒಂದು ಸೋಮವಾರ ಸಂಜಿಮುಂದ ನಾನು ಕಾಯಿಪಲ್ಯ ತರಾಕ ಹೋಗಿದ್ದೆ. ಬಂದು ನೋಡಿದ್ರ ಅತ್ತಿ ಫೋನ್ ಕೆಳಗಿಟ್ಟು ಬೆವರು ಒರಸ್ಕೋತಿದ್ರು.

"ಯಾರ್ರಿ ಅತ್ತಿ?"

"ಯಾರೋ ಇಂಗ್ಲಿಷ್ ಮಾತಾಡೂ ಹೆಣ್ಮಗಳು. ಫ್ಲವರ್ ಫ್ಲವರ್ ಅಂತಿದ್ಲು ಪಾಪ."

"ನೀವೇನಂದ್ರಿ?"

"ಇವತ್ತಿನ ಹೂವು ಬಾಡ್ಯಾವು, ನಾಳೆ ಮುಂಜಾನೆ ಜಲ್ದಿ ಬಾ, ಮಾಲಿ ಕಟ್ಟಿಸಿ ಕೊಡ್ತೀನಿ ಅಂದೀನಿ."

ಅವತ್ತಽ ಥೀಮಿನ್ಯಾಗಿನ ನಂಬರ್ ತಗದೆ, ಆ ಅಂಗಡಿಯವರಿಗೂ ಬರದು ತಗಸಿದೆ. ಅತ್ತಿ ಮಾತ್ರ ಮಂಗಳವಾರ ಮಧ್ಯಾಹ್ನದ ತನಕ ಬಾಗಲಾ ನೋಡಿ, "ಮಾತು ಕೊಟ್ಟು ಬರಲಿಲ್ಲ ನೋಡು ಆಕಿ" ಅಂತ ಬೈದ್ರು.

ಗಿರಾಕಿಗೆ ತಣ್ಣಗ ಉತ್ತರ ಕೊಡ್ರಿ

ಥೀಮ್ ಮಾರಿದ್ರ ಕೆಲಸ ಮುಗೀಲಿಲ್ಲ. ಕೊಂಡವರು ಏನರ ಕೇಳಿ ಬರದ್ರ ಸಹಾಯ ಮಾಡಬೇಕು. ಆ ಸಂತ್ಯಾಗ ಮಾರಾವ್ರು, ಕೊಳ್ಳಾವ್ರು ಯಾರಂತ ಒಬ್ಬರಿಗೊಬ್ಬರಿಗೆ ಗೊತ್ತಾಗೂದಿಲ್ಲ. ಹೆಸರು ಹೇಳದ ಒಬ್ಬ ಗಿರಾಕಿ ಇಂಗ್ಲಿಷಿನ್ಯಾಗ ಬರದ: ನಮ್ಮ ಕಂಪನಿ ಹೆಸರು ದೊಡ್ಡದು ಮಾಡ್ರಿ. ಹೆಂಗ ಮಾಡೂದು ಅಂತ ತಿಳಿಸಿದೆ. ಮರುದಿನ, ಇನ್ನಾ ದೊಡ್ಡದು. ಆಮ್ಯಾಲೆ, ಕೆಂಪು ಇನ್ನಾ ಕೆಂಪಾಗ್ಲಿ. ಆಮ್ಯಾಲೆ, ಇಷ್ಟ್ಯಾಕ ಖಾಲಿ ಬಿಟ್ಟೀರಿ, ಏನರ ತುಂಬ್ರಿ!

ಏಳು ಪತ್ರ. ಸಿಟ್ಟು ನೆತ್ತಿಗೇರಿತ್ತು. ಆದ್ರೂ ಏಳೂ ಸಲ "ಭಾಳ ಸಂತೋಷ, ಮಾಡೂಣು" ಅಂತ ಬರದೆ. ಜಗತ್ತಿನ ಸಾವ್ಕಾರ್ರೆಲ್ಲ ಒಂದಽ ಮಷೀನಿನ್ಯಾಗ ಅಚ್ಚಾಗಿ ಬಂದಿರಬೇಕು ಅಂತ ಅತ್ತಿ ಮುಂದ ಗೊಣಗಿದೆ. ಆದ್ರ ಆ ಗಿರಾಕಿ ನನ್ನ ಮಾಲಿಗೆ ಮಾರ್ಕು ಅಂತ ಐದಕ್ಕ ಐದೂ ಚುಕ್ಕಿ ಕೊಟ್ಟ!

ಕುರ್ಚಿ

ಯುಗಾದಿ ಹಿಂದಿನ ದಿನ ಸಾವ್ಕಾರ್ರ ಫೋನು. "ಪ್ರೆಸ್ಸಿಗೆ ಬಾ, ಒಂದು ತೋರಸೂದೈತಿ."

ಹೋದೆ. ನನ್ನ ಕುರ್ಚಿ ಧೂಳು ಒರಸಿ ಸಿದ್ಧ ಇಟ್ಟಿದ್ರು. ಕೆಲಸದವರೆಲ್ಲ ಸುತ್ತ ನಿಂತಿದ್ರು. ಸಾವ್ಕಾರ್ರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ್ರು.

"ನೋಡು, ನಮ್ಮ ಪ್ರೆಸ್ಸಿನ ವೆಬ್‌ಸೈಟು! ನಮ್ಮ ಅಳಿಯ ನಿಮ್ಮ ಅದಽ ಸಂತ್ಯಾಗ ಥೀಮ್ ಕೊಂಡು ಮಾಡ್ಯಾನ. ಫಾರಿನ್ ಮಾಲು! ಡಿಸೈನ್ ಅಂದ್ರ ಇದು. ನೀನು ಇನ್ನಾ ಹತ್ತು ವರ್ಷ ಕಲತ್ರೂ ನಿನ್ನ ಕೈಲೆ ಆಗೂದಿಲ್ಲ."

ನೋಡಿದೆ. ಬೆನ್ನು ತೋರಿಸಿ ಕುಂತ ಮಾಗಡಿ ಹಕ್ಕಿ ಕಂಡ್ವು. ನನ್ನದಽ ಥೀಮ್!

"ಆ ಮಂದೀದು ಎಂಥಾ ಮರ್ಯಾದಿ ಅಂತಿ!" ಸಾವ್ಕಾರ್ರು ಹೇಳಾಕ ಹತ್ತಿದ್ರು. "ಹೆಸರು ದೊಡ್ಡದು ಮಾಡ್ರಿ, ಕೆಂಪು ಮಾಡ್ರಿ ಅಂತ ಅಳಿಯನ ಕಡಿಂದ ಏಳು ಸಲ ಬರಸೀನಿ. ಏಳೂ ಸಲ ಭಾಳ ಸಂತೋಷ ಅಂದ್ರು. ನೀನಾಗಿದ್ರ ಮಾರಿ ಗಂಟು ಹಾಕ್ತಿದ್ದಿ!"

ನಗಿ ತಡಕೊಂಡು ತಡಕೊಂಡು ಹೊಟ್ಟಿ ನೋಯಾಕ ಹತ್ತಿತ್ತು. "ಸಾವ್ಕಾರ್ರ, ಸ್ವಲ್ಪ ಕೆಳಗ ಸರಸ್ರಿ" ಅಂದೆ.

ಸರಿಸಿದ್ರು. "ನಮ್ಮ ತಂಡ" ಬಂತು. ಅವರ ಅಳಿಯ ಆ ಭಾಗ ಬದಲಿ ಮಾಡೂದನ್ನ ಮರತಿದ್ದ. ಗದಗದ ಪ್ರೆಸ್ಸಿನ ಕೆಂಪನ್ನ ಕೆಂಪು ಹೆಸರಿನ ಕೆಳಗ, ಮುಖ್ಯಸ್ಥರ ಜಾಗದಾಗ, ಇಲಕಲ್ ಸೀರಿ ಉಟಗೊಂಡು ಗಿರಮಿಟ್ ತಾಟು ಹಿಡದು ನಮ್ಮತ್ತಿ!

"ಇವರು... ನಿಮ್ಮ ಅತ್ತಿಯವರಲ್ಲೇನು?" ಸಾವ್ಕಾರ್ರ ದನಿ ಸಣ್ಣಾತು.

"ಹೌದ್ರಿ. ಮಾಲು ಫಾರಿನ್‌ದಲ್ರಿ, ಬೆಟಗೇರಿದು. ಆ ಏಳು ಉತ್ತರಾನೂ ನಂದಽ. ಐದು ಚುಕ್ಕಿ ಕೊಟ್ಟಿದ್ದಕ್ಕ ಭಾಳ ಸಂತೋಷ್ರಿ."

ಸಾವ್ಕಾರ್ರು ಧೊಪ್ಪಂತ ಕುಂತ್ರು. ಕುಂತದ್ದು ನನ್ನ ಖಾಲಿ ಕುರ್ಚ್ಯಾಗಽ. ಮಷೀನಿನ ಹಂತೇಕ ನಿಂತವರು ಬಿದ್ದು ಬಿದ್ದು ನಕ್ಕರು. ಹತ್ತು ವರ್ಷ ಅವರೊಬ್ಬರಽ ನಗತಿದ್ದ ಪ್ರೆಸ್ಸಿನ್ಯಾಗ ಅವತ್ತು ಅವರನ್ನ ಬಿಟ್ಟು ಎಲ್ಲಾರೂ ನಕ್ಕರು. ನನಗಾದ ಖುಷಿ ಏನು ಹೇಳ್ಲಿ! ರಿಕ್ಷಾ ಹತ್ತದಽ ಬೆಟಗೇರಿ ತನಕ ನಡಕೋತ ಬಂದೆ.

ಅತ್ತಿ ಹೋಳಿಗಿಗೆ ಬ್ಯಾಳಿ ಕುದಿಯಾಕ ಇಟ್ಟಿದ್ರು. ಎಲ್ಲಾ ಹೇಳಿದೆ. ಅವರು ನಗಲಿಲ್ಲ. ಸೌಟು ಬದಿಗಿಟ್ಟು, ಸೆರಗಿಗೆ ಕೈ ಒರಸಿಕೊಂಡು, ಭಾಳ ವಿಚಾರ ಮಾಡಿ ಕೇಳಿದ್ರು:

"ಅಂದ್ರ ಆ ಪ್ರೆಸ್ಸಿಗೆ ಈಗ ಮುಖ್ಯಸ್ಥರು ನಾನಽ?"

"ಅವರು ಫೋಟೋ ತಗಿಯೂ ತನಕ ನೀವಽ ಅತ್ತಿ."

"ಹಂಗಾರ ನಾಳೆ ಹಬ್ಬ ಮುಗೀಲಿ. ನಾಡದು ಮುಂಜಾನೆ ನನ್ನ ಅಲ್ಲಿಗೆ ಕರಕೊಂಡು ಹೋಗು. ಆ ಸಾವ್ಕಾರ ಕೆಲಸಕ್ಕ ಹೊತ್ತಿಗೆ ಸರಿಯಾಗಿ ಬರ್ತಾನೋ ಇಲ್ಲೋ, ನೋಡೂಣು."