ಉಯ್ಯಾಲೆಗೆ ತಗುಲಿದ ಕಣ್ಣು

ಮುರಿಯುವ ಮೊದಲೇ ‘ಮುರಿಯುತ್ತದೆ’ ಎನ್ನುವವನನ್ನು ಕಂಡರೆ ಯಾರಿಗೂ ಆಗದು. ಹೇಳಿದಂತೆ ಮುರಿದುಬಿಟ್ಟರಂತೂ ಅವನ ಕಥೆ ಮುಗಿದಂತೆ. ನನ್ನ ಹೊಟ್ಟೆಪಾಡೇ ಅದು. ಠಾಣೆ ನಗರದ ಆಫೀಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು, ಕ್ರೇನಿನ ಯಾವ ವೆಲ್ಡಿಂಗ್ ಯಾವಾಗ ಬಿರುಕು ಬಿಟ್ಟೀತೆಂದು ಲೆಕ್ಕ ಹಾಕುತ್ತೇನೆ. ಕಬ್ಬಿಣ ಒಂದು ದೊಡ್ಡ ಏಟನ್ನು ತಡೆದುಕೊಂಡೀತು. ದಿನದಿನದ ಸಣ್ಣ ಜಗ್ಗಾಟಕ್ಕೆ ದಣಿದುಬಿಡುತ್ತದೆ. ಡೊಂಬಿವಲಿಯಿಂದ ದಿನಾ ಲೋಕಲ್ ರೈಲು ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಯ ಗಾರ್ಡನ್ನಿನಲ್ಲೊಂದು ಕಬ್ಬಿಣದ ಉಯ್ಯಾಲೆ. ಮಗಳನ್ನು ತೂಗುತ್ತಿದ್ದಾಗ ಕಂಬದ ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮಗಳನ್ನು ಇಳಿಸಿ ಚೇರ್ಮನ್ನರ ಬಳಿ ಓಡಿದೆ. ಅವರು ನಕ್ಕರು: “ರಾವ್ ಸಾಬ್, ಕಳಂಬೋಲಿ ಕಾ ಅಸಲಿ ಲೋಹಾ ಹೈ. ಹಾಥಿ ಬಿಠಾವ್, ಕುಛ್ ನಹೀ ಹೋಗಾ!” ಕಬ್ಬಿಣದ ಪೇಟೆಯ ಅಸಲಿ ಮಾಲು, ಆನೆ ಕೂತರೂ ಏನೂ ಆಗದಂತೆ. ಆನೆ ಒಮ್ಮೆ ಕೂತರೆ ನನಗೂ ಭಯವಿಲ್ಲ, ಮಕ್ಕಳು ದಿನಾ ಆಡುತ್ತಾರಲ್ಲ, ಅದೇ ಭಯ ಎಂದೆ. ಕಮಿಟಿ ಸೇರಿತು. ಗಂಭೀರ ಚರ್ಚೆಯ ನಂತರ ಉಯ್ಯಾಲೆಗೆ ಹಸಿರು ಪೇಂಟ್ ಬಳಿಯಿತು. ಬಿರುಕು ಕಾಣಿಸಲಿಲ್ಲ, ಆದ್ದರಿಂದ ಇರಲಿಲ್ಲ. ಯಾರೂ ಆಡದಿರಲೆಂದು ನಾನೇ ಉಯ್ಯಾಲೆಯನ್ನು ಹಗ್ಗದಿಂದ ಬಿಗಿದು ಕಟ್ಟಿಬಂದೆ. ಬೆಳಿಗ್ಗೆ ನೋಡಿದರೆ ಆ ಹಗ್ಗದ ಮೇಲೆ ಯಾರದೋ ಬನಿಯನ್ ಒಣಗುತ್ತಿತ್ತು.

ಗಣಪತಿ ಹಬ್ಬದ ದಿನ, ಎಲ್ಲರೆದುರು ನನ್ನ ಬಾಯಿ ಮುಚ್ಚಿಸಲು ಚೇರ್ಮನ್ನರು ಹಗ್ಗ ಬಿಚ್ಚಿಸಿ ಸ್ವತಃ ಉಯ್ಯಾಲೆ ಏರಿದರು. ನಾಲ್ಕು ಸಲ ತೂಗಿದರು. ಐದನೆಯದಕ್ಕೆ ಕಂಬ ಮುರಿದು, ಅವರು ಹುಲ್ಲಿನ ಮೇಲೆ ಬಿದ್ದಿದ್ದರು. ಸೊಂಟ ಉಳುಕಿತು. ಪುಣ್ಯಕ್ಕೆ ಉಯ್ಯಾಲೆಯಲ್ಲಿ ಮಗುವಿರಲಿಲ್ಲ. ವಿಚಾರಣೆ ನಡೆದು ಕಾರಣವೂ ಪತ್ತೆಯಾಯಿತು. ನಾನು ದಿನಾ ಆ ಉಯ್ಯಾಲೆಯನ್ನು ದಿಟ್ಟಿಸುತ್ತಿದ್ದುದನ್ನು ಹಲವರು ಕಂಡಿದ್ದರಂತೆ. “ನಜರ್ ಲಗ್ ಗಯೀ,” ನನ್ನ ಕೆಟ್ಟ ಕಣ್ಣು ತಗುಲಿತು ಎಂದು ಚೇರ್ಮನ್ನರು ಮಲಗಿದಲ್ಲಿಂದಲೇ ತೀರ್ಪು ಕೊಟ್ಟರು.

ಉಡುಪಿ ಕಡೆಯವಳಾದ ನನ್ನ ಹೆಂಡತಿಯದೂ ಹೆಚ್ಚುಕಡಿಮೆ ಅದೇ ಅಭಿಪ್ರಾಯ. “ನಿಮ್ಗೆ ಎಂತ ಅವಸರ ಇತ್ತು ಮಾರಾಯ್ರೆ? ಬಿದ್ದ ಮೇಲೆ ಹೇಳಿದ್ರೆ ಎಲ್ರೂ ಹೌದು ಅಂತಿದ್ರು.”

ಈಗ ಹೊಸ ಉಯ್ಯಾಲೆ ಬಂದಿದೆ. ಅದಕ್ಕೊಂದು ನಿಂಬೆಹಣ್ಣು, ಹಸಿಮೆಣಸಿನಕಾಯಿ. ಕಟ್ಟಿದ್ದು ಸರಿಯಾಗಿ ವೆಲ್ಡಿಂಗ್ ಮೇಲೆಯೇ, ನನಗೆ ಕಾಣಬಾರದೆಂದು. ನಿಜ ಹೇಳಬೇಕೆಂದರೆ ಕೊಂಚ ಹೆಮ್ಮೆಯೂ ಆಯಿತು. ಕಣ್ಣಲ್ಲೇ ಕಬ್ಬಿಣ ಸೀಳುವವನಿಗೆ ಆಫೀಸಿನವರು ಕಂಪ್ಯೂಟರ್ ಯಾಕೆ ಕೊಟ್ಟಿದ್ದಾರೋ! ಉದ್ಘಾಟನೆಯ ಸಂಜೆ ಬಾಲ್ಕನಿಯಲ್ಲಿ ನಿಂತಿದ್ದೆ. ಗಾರ್ಡನ್ನಿನಲ್ಲಿದ್ದ ಅಷ್ಟೂ ಜನ ತಲೆಯೆತ್ತಿ ನನ್ನನ್ನೇ ನೋಡಿದರು. ಮಗಳು ಕೆಳಗಿನಿಂದ ಕೂಗಿದಳು: “ಪಪ್ಪಾ, ಆಪ್ ಅಂದರ್ ಬೈಠೋ ನಾ, ಪ್ಲೀಸ್!” ಒಳಗೆ ಬಂದು ಗೋಡೆಗೆ ಮುಖಮಾಡಿ ಕೂತೆ. ಗೋಡೆಯಲ್ಲೊಂದು ಸಣ್ಣ ಬಿರುಕಿತ್ತು. ಮೇಲಿನ ಮಹಡಿಯವರ ಹಿತದೃಷ್ಟಿಯಿಂದ ಕಣ್ಣು ಮುಚ್ಚಿಕೊಂಡೆ.