ಕೃಷ್ಣೆಯ ಕೋಲು, ಹಳ್ಳದ ಮೀನು

ಹೂವಿನ ಹಿಪ್ಪರಗಿಯ ಸಮಸ್ತ ಮೀನುಕುಲವೇ ನನ್ನ ಹೆಸರು ಕೇಳಿ ನಡುಗಬೇಕೆಂದು ೧೯೭೪ರಲ್ಲಿ ನಾನು ಪಣ ತೊಟ್ಟೆ!

ಕಾರಣ ಹೊಟ್ಟೆಕಿಚ್ಚು. ನಾನು ಕಲಿಸುತ್ತಿದ್ದ ಶಾಲೆಯ ಅಬ್ದುಲರಜಾಕ ಮಾಸ್ತರರಿಗೆ ಅವರ ಭಾವಮೈದುನ ಮುಂಬಯಿಯಿಂದ ಮಡಚುವ ಗಾಳದ ಕೋಲು ತಂದುಕೊಟ್ಟಿದ್ದ. ತುದಿಗೆ ಪುಕ್ಕದಿಂದ ಮಾಡಿದ ನೊಣ! ಮೀನು ಅದನ್ನು ನಿಜವೆಂದು ನುಂಗುತ್ತದಂತೆ. ರವಿವಾರ ಬಂತೆಂದರೆ ಅವರು ಕೋಲನ್ನು ಬಂದೂಕಿನಂತೆ ಹೆಗಲಿಗೇರಿಸಿ ಹಳ್ಳಕ್ಕೆ ನಡೆಯುವರು. ಹಿಂದೆ ಬಟ್ಟೆಯ ಗಂಟು ಹೊತ್ತ ಹೆಂಡತಿ ಬಿಬಿಜಾನ. ಸಂಜೆ ನಮ್ಮ ಮನೆಗೊಂದು ಬಟ್ಟಲು ಮೀನುಸಾರು.

"ಗಂಡಸಂದ್ರ ರಜಾಕ ಮಾಸ್ತರ ನೋಡ್ರಿ!" ನನ್ನಾಕೆ ಶೆಟ್ಟೆವ್ವ ಬೆರಳು ನೆಕ್ಕುವಳು. "ನೀವು ಒಂದ ಏಡಿನರ ಹಿಡಿದೀರೇನು?"

ಸಾರು ಅವಳ ಬಾಯಿಗೆ, ಖಾರ ನನ್ನೆದೆಗೆ!

ಅವರಿಗೊಂದು ಕೋಲಾದರೆ ನನಗೆ ಮೂರು! ಸಿಂದಗಿಯಿಂದ ಬಿದಿರು ತಂದೆ. ಹಳ್ಳಕ್ಕೆ ಐದು ಮೊಳ, ಡೋಣಿ ಹೊಳೆಗೆ ಎಂಟು, ಕೃಷ್ಣೆಗೆ ಹನ್ನೆರಡು. ಸಣ್ಣ ನೀರಿಗೆ ಗಿಡ್ಡ ಕೋಲು, ದೊಡ್ಡ ನೀರಿಗೆ ಉದ್ದ ಕೋಲು. ಕರಿಹಲಗೆಯ ಮೇಲೆ ಬರೆಯಬಹುದಾದ ಸೂತ್ರ! ಇನ್ನು ನೊಣಕ್ಕೆ ಪುಕ್ಕ?

"ಅಯ್ಯ, ನನ್ನ ಹುಂಜದ ಬಾಲ ಎಲ್ಲಿ ಹೋತ್ರಿ?" ಎಂದಳು ಶೆಟ್ಟೆವ್ವ.

"ಮೀನಾಗಿ ತಿರುಗಿ ಬರ್ತೈತಿ, ತಡಿ!"

ರವಿವಾರ ಶೆಟ್ಟೆವ್ವನನ್ನೂ ಕರೆದುಕೊಂಡು ಹಳ್ಳಕ್ಕೆ ಹೊರಟೆ. ಸೂತ್ರದಂತೆ ಐದು ಮೊಳದ್ದು ಒಯ್ಯಬೇಕಿತ್ತು. ಆದರೆ ರಜಾಕರ ಕೋಲಿಗಿಂತ ಗಿಡ್ಡದ್ದು ಹಿಡಿದು ಊರೊಳಗೆ ಹೇಗೆ ಹಾಯಲಿ? ಹನ್ನೆರಡು ಮೊಳದ್ದನ್ನೇ ಹೊತ್ತೆ!

ಬೀಸಿದೆ. ಗಾಳ ಹಳ್ಳವನ್ನೇ ದಾಟಿ ಆಚೆ ದಂಡೆಯ ಜಾಲಿಗೆ ಸಿಕ್ಕಿತು. ಜಗ್ಗಿದೆ. ಅದು ನನ್ನ ತಲೆಯ ಮೇಲಿಂದ ಹಿಂದಕ್ಕೆ ಹಾರಿತು. ಮತ್ತೆ ಬೀಸಿದೆ. ಈ ಸಲ ಭಾರವಾದದ್ದೇನೋ ನೀರಿಗೆ ಬಿತ್ತು.

"ಸಿಕ್ಕಿತು!" ಎಂದು ಕೂಗಿದೆ.

"ಸಿಕ್ಕಿದ್ದು ನನ್ನ ರುಮಾಲ್ರಿ, ಮಾಸ್ತರ!" ಹಿಂದೆ ನಿಂತಿದ್ದ ರಜಾಕರು ಬೋಳುತಲೆ ಸವರಿಕೊಂಡರು.

ಅಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಫಳಕ್ಕನೆ ಏನೋ ಹೊಳೆಯಿತು. ಬಿಬಿಜಾನರ ಕೈಯಲ್ಲೊಂದು ತೊಗರಿಕಟ್ಟಿಗೆ, ಅದಕ್ಕೆ ದಾರ, ದಾರಕ್ಕೆ ಬಗ್ಗಿಸಿದ ಗುಂಡುಸೂಜಿ, ಸೂಜಿಗೆ ಜೋಳದ ಹಿಟ್ಟು, ಹಿಟ್ಟಿಗೆ ಮೀನು!

"ಭಾಬಿ, ವಾರಾ ವಾರಾ ಮೀನಾ ಹಿಡಿಯಾವರು ನೀವೇನ್ರಿ?" ಎಂದು ಕೇಳಿದೆ.

"ಹೌದ್ರಿ. ಇವರ ನೊಣಾ ನೋಡಿ ಒಂದ ಮೀನಾನೂ ಮೋಸ ಹೋಗಿಲ್ಲರಿ."

"ನನ್ನ ಹುಂಜ ಮೋಸ ಹೋತಲ್ಲವಾ!" ಎಂದಳು ಶೆಟ್ಟೆವ್ವ.

ರಜಾಕರು ನೆಲ ನೋಡಿದರು. ಆಹಾ, ಆತನೂ ನನ್ನಂಥವನೇ! ಎಷ್ಟೋ ದಿನದ ಉರಿ ಒಂದೇ ಕ್ಷಣಕ್ಕೆ ಆರಿತು.

ಮುಂದಿನ ರವಿವಾರದಿಂದ ಹೆಂಗಸರಿಬ್ಬರೂ ತೊಗರಿಕಟ್ಟಿಗೆ ಹಿಡಿದು ಕುಳಿತರು. ಮಾಸ್ತರರಿಬ್ಬರೂ ಕಲ್ಲಿನ ಮೇಲೆ ಬಟ್ಟೆ ಒಗೆದೆವು. ಕೃಷ್ಣೆಯ ಕೋಲು ಎರಡು ಜಾಲಿಗಳ ನಡುವೆ ಬಟ್ಟೆ ಒಣಹಾಕುವ ಗಳವಾಯಿತು. ಅದರ ಮೇಲಿನ ಬಟ್ಟೆಗಳನ್ನು ಶೆಟ್ಟೆವ್ವ ಒಂದೊಂದಾಗಿ ತಿರುವಿ ನೋಡಿದಳು.

"ಗಂಡಸಂದ್ರ ರಜಾಕ ಮಾಸ್ತರ ನೋಡ್ರಿ!" ಎಂದಳು. "ಅರಿವಿ ಎಷ್ಟ ಬೆಳ್ಳಗ ಒಗದಾರ!"